ಅಳತೆಗೆ ಬಾರದ ಕಾಣೆ ಮೀನು

ನಾನು ಮಲ್ಪೆ ಕಡೆಯವಳು. ಬಸುರಿಯಾದಾಗ ಉಳಿದ ಹೆಂಗಸರಿಗೆ ಮಾವಿನಕಾಯಿ, ಹುಣಸೆ ನೆನಪಾದರೆ ನನಗೆ ನೆನಪಾದದ್ದು ರವೆ ಹಚ್ಚಿ ಹುರಿದ ಕಾಣೆ ಮೀನು. 2013ರ ಮಾತು, ಆಗ ನಾವು ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿದ್ದೆವು. ಅಂಗಡಿಯ ಫ್ರೀಜರಿನ ಕಾಣೆ ತಂದು ಹುರಿದರೆ ರಟ್ಟು ತಿಂದ ಹಾಗಿತ್ತು. ಅಮ್ಮನಿಗೆ ವೀಸಾ ಬೇರೆ ಸಿಕ್ಕಿರಲಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಅಳುತ್ತಿದ್ದೆ.

ನಮ್ಮ ಮನೆಯವರು ಮೈಸೂರಿನವರು, ಹುಟ್ಟಿದಾಗಿನಿಂದ ಸಸ್ಯಾಹಾರಿ. ನಾನು ಮೀನು ಹುರಿದರೆ ಹಿತ್ತಲಿಗೆ ಓಡುವ ಆಸಾಮಿ. ಗ್ಲೆನೆಲ್ಗ್ ಕಡಲದಂಡೆಯ ಜೆಟ್ಟಿಯಲ್ಲಿ ಸಿಗುವ ವೈಟಿಂಗ್ ಎಂಬ ಮೀನು ನಮ್ಮ ಕಾಣೆಯ ಬಳಗವೇ ಎಂದು ಯಾರೋ ಹೇಳಿದ್ದೇ ತಡ, ಒಂದು ಗಾಳ ತಂದೇಬಿಟ್ಟರು. ಪ್ರತಿ ಶನಿವಾರ ಮುಖ ಕಿವುಚಿಕೊಂಡು ಕೊಕ್ಕೆಗೆ ಹುಳ ಚುಚ್ಚುವುದನ್ನು ನೋಡಿ ನಗು ತಡೆಯಲಾಗುತ್ತಿರಲಿಲ್ಲ. ಆ ಶನಿವಾರಗಳನ್ನು ನೆನೆದರೆ ಈಗಲೂ ಜೀವಕ್ಕೆ ಹಿತವಾಗುತ್ತದೆ.

ನಾಲ್ಕನೆಯ ವಾರ ಒಂದು ಬಿತ್ತು! ಥೇಟ್ ಕಾಣೆ, ಮೈಮೇಲೆ ಕಂದು ಚುಕ್ಕಿ. ಅಳೆದರೆ ಒಂದಡಿಯೂ ಇಲ್ಲ. ಅಷ್ಟು ಚಿಕ್ಕದು ಸಿಕ್ಕರೆ ನೀರಿಗೆ ಬಿಡಲೇಬೇಕು ಎಂಬುದು ಅಲ್ಲಿಯ ನಿಯಮ. ಬಾಲ ಎಳೆದು ನಾನೂ ಅಳೆದೆ. ಒಂದು ಬೆರಳು ಕಮ್ಮಿ.

“ಎಂತ ಮಾರಾಯ್ರೆ, ಚೀಲಕ್ಕೆ ಹಾಕಿ. ನಮ್ಮೂರಲ್ಲಿ ಇಷ್ಟುದ್ದದ್ದೇ ರುಚಿ. ಯಾರು ನೋಡ್ತಾರೆ?” ಎಂದೆ.

“ಮರಿ ಕಣೇ. ಇನ್ನೂ ಒಂದ್ಸಲಾನೂ ಮೊಟ್ಟೆ ಇಟ್ಟಿಲ್ಲ. ಹೋಗ್ಲಿ ಬಿಡು,” ಎಂದವರು ಮೆಟ್ಟಿಲಿಳಿದು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮಗೆ ನನಗಿಂತ ಆ ಮೀನೇ ಹೆಚ್ಚಾಯ್ತು!” ಎಂದು ಜೆಟ್ಟಿಯ ಮೇಲೆಯೇ ಗೋಳೋ ಎಂದು ಅತ್ತೆ. ಆಮೇಲೆ ನಾನು ಜೊತೆಗೆ ಹೋಗಲೇ ಇಲ್ಲ. ಅವರು ಮಾತ್ರ ಹೋಗುತ್ತಲೇ ಇದ್ದರು, ಬರಿಗೈಯಲ್ಲಿ ಬರುತ್ತಲೇ ಇದ್ದರು.

ಆಪರೇಷನ್ ಆಗಿ ಮಗಳು ಹುಟ್ಟಿದ ಮೂರನೆಯ ದಿನ ಆಸ್ಪತ್ರೆಗೆ ಒಂದು ಡಬ್ಬಿ ತಂದರು. ಮುಚ್ಚಳ ತೆಗೆದರೆ ರವೆ ಹಚ್ಚಿದ ಕಾಣೆ! “ಸೈಜ್ ಸರಿಯಾಗಿದೆ, ಎರಡು ಸಲ ಅಳೆದೆ. ನಿಮ್ಮಮ್ಮಂಗೆ ವಿಡಿಯೋ ಕಾಲ್ ಮಾಡ್ಕೊಂಡು ಕ್ಲೀನ್ ಮಾಡ್ದೆ,” ಎಂದರು. ಬೆರಳಿಗೆಲ್ಲ ಬ್ಯಾಂಡ್‌ಏಡ್. ನನ್ನ ಕೈಗೆ ಡ್ರಿಪ್ ಹಾಕಿದ್ದರಿಂದ ತಾವೇ ಮುಳ್ಳು ಬಿಡಿಸಿ ಬಾಯಿಗಿಟ್ಟರು.

ಉಪ್ಪೇ ಹಾಕಿರಲಿಲ್ಲ, ಪುಣ್ಯಾತ್ಮ. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು.

“ಚೆನ್ನಾಗಿಲ್ವಾ?” ಎಂದು ಗಾಬರಿಯಾದರು.

“ಇನ್ನೊಂದು ತುತ್ತು ಕೊಡಿ,” ಎಂದೆ.