ತಾಯಪ್ಪ ಹೂತ ಬೆಳಕು

ಮಣ್ಣು ಅಗೆಯುವುದರಲ್ಲಿ ತಾಯಪ್ಪನಿಗೆ ಸರಿಸಾಟಿ ಇರಲಿಲ್ಲ. ಮಾತಿನಲ್ಲಿ ಮಾತ್ರ ಮುಗ್ಗರಿಸುತ್ತಿದ್ದ. ಎಡವಟ್ಟಾದದ್ದು ಅದರಿಂದಲೇ.

ಸುರಪುರದ ಕಡೆಯಿಂದ ಅವನು ಹೈದರಾಬಾದಿಗೆ ಬಂದು ಮೂರು ವರ್ಷವಾಗಿತ್ತು. ಕೊಂಡಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಕಟ್ಟಡಕ್ಕೆ ಕೇಬಲ್ ಬೇಕು, ಕೇಬಲ್ಲಿಗೆ ಎದೆಮಟ್ಟದ ಕಾಲುವೆ ಬೇಕು, ಕಾಲುವೆಗೆ ತಾಯಪ್ಪ ಬೇಕು. ದಿನವೆಲ್ಲ ಅಗೆದು ಮಣಿಕೊಂಡದ ತಗಡಿನ ಶೆಡ್ಡಿಗೆ ಬಂದರೆ ರೊಟ್ಟಿಯನ್ನೂ ತಾನೇ ಬಡಿಯಬೇಕು. ಅವನ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಕು. ಎರಡು ತುತ್ತು ಇಳಿಯುವಷ್ಟರಲ್ಲಿ ಹೆಂಡತಿಯ ನೆನಪಾಗುತ್ತಿತ್ತು.

ಹೆಂಡತಿ ಗಂಗಾ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳು ಬಂದು ತನ್ನ ಜೊತೆ ಇರಲಿ ಎಂಬುದೊಂದೇ ಅವನ ಆಸೆ. ಅವನು ಕುಡಿತ ಬಿಟ್ಟದ್ದು ಖಾತ್ರಿಯಾಗುವ ತನಕ ಹೈದರಾಬಾದಿಗೆ ಕಾಲಿಡುವುದಿಲ್ಲ ಎಂಬುದು ಅವಳ ಹಟ. ಬಿಟ್ಟು ಎಂಟು ತಿಂಗಳಾಗಿತ್ತು, ನಿಜ. ಆದರೆ ಫೋನಿನಲ್ಲಿ ಬಾಯಿಯ ವಾಸನೆ ತೋರಿಸುವುದು ಹೇಗೆ?

ಭಾನುವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸುತ್ತಿದ್ದ. ಒಂದು ಭಾನುವಾರ ಗಂಗಾ ಕೇಳಿದಳು:

"ಮೂರ ವರ್ಷದಿಂದ ಬರೇ ಅಗಿಯಾಕತ್ತಿ. ಅದರಾಗ ಏನ್ ಹುಗಿತಿ?"

"ಬೆಳಕು," ಎಂದ ತಾಯಪ್ಪ.

"ಮತ್ತ ಕುಡದೀಯೇನು?" ಎಂದವಳೇ ಫೋನ್ ಕುಕ್ಕಿದಳು.

ಪಾಪ, ಅವನು ಸುಳ್ಳು ಹೇಳಿರಲಿಲ್ಲ. ಕೇಬಲ್ಲಿನೊಳಗೆ ಕೂದಲೆಳೆಯಂಥ ಗಾಜಿದೆ, ಅದರಲ್ಲಿ ಬೆಳಕು ಓಡುತ್ತದೆ ಎಂದು ಕೇಬಲ್ ಜೋಡಿಸುವ ಬೀದರದ ಚಂದ್ರಕಾಂತನೇ ಹೇಳಿದ್ದ. ಮರುದಿನ ತಾಯಪ್ಪ ಅವನ ಬೆನ್ನು ಬಿದ್ದ.

"ಸಾಹೇಬ್ರ, ಆ ಬೆಳಕ ಒಮ್ಮಿ ತೋರಸ್ರಿ. ನನ್ನ ಸಂಸಾರ ಅದರ ಮ್ಯಾಲೆ ನಿಂತೈತಿ."

"ಅದು ಕಣ್ಣಿಗೆ ಕಾಣೂ ಬೆಳಕಲ್ಲೋ ತಾಯಪ್ಪಣ್ಣ. ತುದೀಗೆ ಕಣ್ಣಿಟ್ಟಿ ಅಂದ್ರ ಇರೂ ಕಣ್ಣೂ ಹೋಗ್ತಾವ," ಎಂದು ನಕ್ಕ ಚಂದ್ರಕಾಂತನಿಗೆ, ಅವನ ಸಪ್ಪೆ ಮುಖ ಕಂಡು ಪಾಪ ಅನಿಸಿತು. ಹೊತ್ತು ಮುಳುಗಿದ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಬುಡದ ಹತ್ತಿರ ಮೊಳೆಯಿಂದ ತೂತು ಮಾಡಿದ. ಆಚೆ ಬದಿಯಿಂದ ತೂತಿನ ನೇರಕ್ಕೆ ಟಾರ್ಚ್ ಹಿಡಿದ. ನೀರಿನ ಧಾರೆ ಬಾಗಿ ಬೀಳುತ್ತಿತ್ತು, ಅದರೊಳಗೆ ಬೆಳಕೂ ಬಾಗಿ ಬಂದು ತಾಯಪ್ಪನ ಬೊಗಸೆಗೆ ಇಳಿಯಿತು. ಗುದ್ದಲಿಯಿಂದ ಜಡ್ಡುಗಟ್ಟಿದ ಕೈ ಹೊಳೆಯತೊಡಗಿತು.

"ನೂರರವತ್ತ ವರ್ಷದ ಹಿಂದ ಜಿನೀವಾದಾಗ ಒಬ್ಬ ಮಾಸ್ತರ ಇದನ್ನ ಮಾಡಿ ತೋರಿಸಿದ್ದ. ಮುಂದ ನಮ್ಮ ಪಂಜಾಬಿನಾಂವ ಒಬ್ಬ ಲಂಡನ್ನಿಗೆ ಹೋಗಿ, ಗಾಜಿನ ಎಳಿ ಕಟ್ಟಿನಾಗಿಂದ ಚಿತ್ರಾನ ದಾಟಿಸಿದ. ಗಾಜು ಇನ್ನೂ ಶುದ್ಧ ಆದ್ರ ಬೆಳಕು ಊರೂರ ದಾಟ್ತೈತಿ ಅಂದ ಇನ್ನೊಬ್ಬ," ಎಂದ ಚಂದ್ರಕಾಂತ.

"ಆಮ್ಯಾಲೆ?"

"ಆಮ್ಯಾಲೆ ನೀ ಕಾಲುವಿ ಅಗದಿ."

ಆ ಮಾತಿಗೆ ತಾಯಪ್ಪ ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದ. ಬಾಟಲಿಯನ್ನು ಕೇಳಿ ಇಸಿದುಕೊಂಡು ಜೋಪಾನ ಮಾಡಿದ.

ಬೇಸಿಗೆ ರಜೆಗೆ ಶಾಲೆ ಮುಚ್ಚಿದಾಗ ತಾನೇ ಪರೀಕ್ಷಿಸಿ ನೋಡಲು ಗಂಗಾ ಕೊನೆಗೂ ಬಂದಳು. ಬೇಗಂಪೇಟೆ ಸ್ಟೇಷನ್ನಿನಲ್ಲಿ ಇಳಿದವಳು ಮೊದಲು ಮಾಡಿದ ಕೆಲಸ ಗಂಡನ ಬಾಯಿ ಮೂಸಿದ್ದು. ಸಂಜೆ ಶೆಡ್ಡಿನಲ್ಲಿ ತಾಯಪ್ಪ ದೀಪ ಆರಿಸಿ, ನೀರು ತುಂಬಿದ ಬಾಟಲಿಗೆ ಟಾರ್ಚ್ ಹಿಡಿದ. ಬೆಳಕು ಅವಳ ಬೊಗಸೆಗೆ ಇಳಿಯಿತು. ಬಾಟಲಿ ಬರಿದಾಗುವ ತನಕ ಅವಳು ಕೈ ಸರಿಸಲಿಲ್ಲ.

"ಖರೇನ ಬೆಳಕ ಹುಗಿತಿ," ಎಂದಳು ಮೆಲ್ಲಗೆ.

ಆ ಒಂದು ತಿಂಗಳು ತಾಯಪ್ಪ ತೆಳ್ಳನೆಯ ರೊಟ್ಟಿ ಉಂಡ. ಅವಳನ್ನು ಕೊಂಡಾಪುರಕ್ಕೆ ಕರೆದುಕೊಂಡು ಹೋಗಿ, ಡಾಂಬರಿನ ಮೇಲೆ ಕಾಲಿಂದ ಗೆರೆ ಎಳೆದು, "ಇಲ್ಲೆ, ಇದರ ಕೆಳಗ," ಎಂದು ತೋರಿಸಿದ. ನೋಡಲು ಏನೂ ಇರಲಿಲ್ಲ. ಆದರೂ ಗಂಗಾ ಬಗ್ಗಿ ನೋಡಿದಳು.

"ಇದು ನಮ್ಮೂರಿಗೂ ಹೊಕ್ಕೈತೇನು?"

"ಇಲ್ಲ," ಎಂದ. ಹಾಗೆನ್ನುವಾಗ ಅವನಿಗೆ ಯಾಕೋ ನಾಚಿಕೆಯಾಯಿತು.

ಶಾಲೆ ತೆರೆಯುವ ದಿನ ಹತ್ತಿರ ಬಂತು. ಸ್ಟೇಷನ್ನಿನಲ್ಲಿ ತಾಯಪ್ಪ ಅವಳ ಚೀಲ ಬಿಡಲೊಲ್ಲ. "ಕುಡಿಯೂದಂತೂ ಬಿಟ್ಟೀನಿ. ಈಗರ ಇಲ್ಲೇ ಇರು."

"ನೀ ಬಿಟ್ಟಿ, ನಾ ನಂಬೀನಿ. ಆದ್ರ ನೂರಿಪ್ಪತ್ತ ಹುಡುಗ್ರು ನಾ ಮಾಡಿದ್ದ ಉಣ್ತಾವ. ಅವರನ್ನ ಹೆಂಗ ಬಿಡ್ಲಿ?" ಗಂಗಾಳ ಕಣ್ಣು ತುಂಬಿತ್ತು. ಚೀಲ ಎಳೆದುಕೊಂಡು ಗಾಡಿ ಹತ್ತಿದಳು. ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಬೊಗಸೆ ಮಾಡಿದಳು. "ಅಗಿಯೂದು ನಿನಗ ಬರ್ತೈತಿ. ಅಗಿಕೋತ ಅಗಿಕೋತ ನಮ್ಮೂರ ತನಕ ಬಾ. ಆ ತುದೀಗೆ ನಾ ಹಿಂಗ ಕೈ ಹಿಡದು ನಿಂತಿರ್ತೀನಿ."

ಮರುದಿನ ಬೆಳಿಗ್ಗೆ ಕಾಲುವೆಗಿಳಿಯುವ ಮೊದಲು ತಾಯಪ್ಪ ಚಂದ್ರಕಾಂತನನ್ನು ಕೇಳಿದ: "ಸಾಹೇಬ್ರ, ಈ ಕೇಬಲ್ ಸುರಪುರದ ಕಡಿಗೆ ಯಾವಾಗ ಹೊಂಡತೈತ್ರಿ?"