ಲಾಭ, ಎರಡು, ಮೂರು

ವಾಸುದೇವ ಭಟ್ಟರು ಯಾವುದನ್ನೂ ಒಂದರಿಂದ ಎಣಿಸುತ್ತಿರಲಿಲ್ಲ. ತಮಿಳು ಸೀಮೆಯ ಟ್ರಿಪ್ಲಿಕೇನಿನಲ್ಲಿ ಅವರ ಮನೆಯವರು ನಡೆಸುತ್ತಿದ್ದ ಮೆಸ್ಸಿನಲ್ಲಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ‘ಲಾಭ’ ಎನ್ನುವುದು ಪದ್ಧತಿ; ಆಮೇಲೆ ಎರಡು, ಮೂರು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ನಮಗೆ ಸಿ ಪ್ರೋಗ್ರಾಮಿಂಗ್ ಕಲಿಸಲು ನಿಂತ ಮೇಲೂ ಆ ಬಾಯಭ್ಯಾಸ ಹೋಗಲಿಲ್ಲ. ತರಗತಿಯಲ್ಲಿ ತಲೆ ಎಣಿಸುವಾಗ ಮೊದಲ ಬೆಂಚಿನ ನಾನು ಲಾಭ. ಬೇರೆ ಯಾರೋ ಇದ್ದಿರಲೂಬಹುದು; ನೆನಪು ಒಳ್ಳೆಯ ಜಾಗಗಳನ್ನು ತನಗೇ ಹಿಡಿದಿಟ್ಟುಕೊಳ್ಳುತ್ತದೆ.

ಹೋದ ವರ್ಷ ಕ್ಯಾಮೆರಾದ ಮೆಮರಿ ಕಾರ್ಡ್ ಹಿಡಿದು ನನ್ನ ಮನೆಗೆ ಬಂದರು. ತೀರಿಕೊಂಡ ಹೆಂಡತಿ ಶಾರದಕ್ಕನ ಕೊನೆಯ ಫೋಟೋಗಳನ್ನೆಲ್ಲ ಕೈತಪ್ಪಿ ಡಿಲೀಟ್ ಮಾಡಿದ್ದರು. ಬೇರೆಲ್ಲೂ ಪ್ರತಿ ಇರಲಿಲ್ಲ.

“ಅಂಗಡಿಯವನಿಗೆ ಕೊಡುದಿಲ್ಲ. ನಾವೇ ಪ್ರೋಗ್ರಾಂ ಬರೆಯುವ.”

ಅವತ್ತು ನನ್ನ ಬಳಿ ಕಾರ್ಡ್ ರೀಡರ್ ಇರಲಿಲ್ಲ. ಬಿಟ್ಟು ಹೋಗಿ ಎಂದರೆ ಒಪ್ಪಲಿಲ್ಲ. “ಹಳೇದು ಇನ್ನೂ ಒಳಗೇ ಇರುತ್ತೆ ಸಾರ್, ಮೇಲೆ ಹೊಸದು ಬಿದ್ರೆ ಮುಗೀತು. ಒಂದು ಫೋಟೋನೂ ತೆಗೀಬೇಡಿ” ಎಂದು ಕೈಮುಗಿದು ಕಳಿಸಿದೆ.

ಮರುದಿನ ರೀಡರ್ ತಂದು ನೋಡಿದರೆ ಕಾರ್ಡಿನಲ್ಲಿ ಕಾಫಿ ಲೋಟ. ಗೋಡೆಯ ಹಲ್ಲಿ. ಮತ್ತೆ ಅದೇ ಹಲ್ಲಿ.

“ಏನ್ ಸಾರ್ ಇದು?”

“ಕಾರ್ಡಿಗೆ ಜೀವ ಉಂಟಾ ಅಂತ ನೋಡಿದ್ದು ಮಾರಾಯ್ತಿ.”

“ಶಾರದಕ್ಕನ ಮೇಲೆ ಹಲ್ಲಿ ಕೂರಿಸಿದ್ದೀರಿ!”

“ಇರು ಮಾ, ಕಿರುಚಬೇಡ. ಸಣ್ಣ ಹಲ್ಲಿ.”

ಪ್ರತಿ ಫೋಟೋದ ತಲೆಯಲ್ಲಿ ನಾಲ್ಕು ಗುರುತಿನ ಬೈಟುಗಳಿರುತ್ತವೆ. ಅವು ಕಂಡಲ್ಲೆಲ್ಲ ಹೊಸ ಫೋಟೋ ಶುರುವಾಯಿತೆಂದು ಪ್ರೋಗ್ರಾಂ ತಿಳಿಯಬೇಕು. ಅವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಟೈಪ್ ಮಾಡಿದೆ. ಓಡಿಸಿದರೆ ಏನೂ ಸಿಗಲಿಲ್ಲ. ಹಲ್ಲಿಯೂ ಸಿಗಲಿಲ್ಲ.

“ನಿನ್ನ ಟೈಪಿಂಗ್ ಮೊದಲಿಂದಲೂ ಹಾಗೆಯೇ” ಎಂದರು. ಆಮೇಲೆ ನನ್ನ ಕಂಪ್ಯೂಟರನ್ನು ಬೈದರು, ಫ್ಯಾನನ್ನು ಬೈದರು. ಮಧ್ಯಾಹ್ನವೆಲ್ಲ ಇದೇ. ಕೊನೆಗೆ, ಹಲ್ಲು ಕಚ್ಚಿ, ಬೈಟುಗಳ ಕ್ರಮಸಂಖ್ಯೆ ಮತ್ತೆ ಹೇಳಿ ಎಂದೆ.

“ಸಿ ಎಣಿಸುದು ಸೊನ್ನೆಯಿಂದ. ಸೊನ್ನೆ ಅಂದ್ರೆ ಲಾಭ. ಮತ್ತೆ ಎರಡು, ಮೂರು, ನಾಲ್ಕು.”

“ಒಂದು ಎಲ್ಲಿ ಸಾರ್?”

“ಎಂಥ ಒಂದು?”

“ಸೊನ್ನೆ ಆದ್ಮೇಲೆ ಒಂದು!”

“ಲಾಭ ಆದ ಮೇಲೆ ಒಂದು ಯಾಕೆ?”

ಅವರನ್ನು ಕೇಳದೆ ಸೊನ್ನೆ, ಒಂದು, ಎರಡು, ಮೂರು ಎಂದು ತಿದ್ದಿದೆ. ಲೋಟ ಬಂತು, ಹಲ್ಲಿಗಳು ಬಂದವು, ಬರೀ ಬೂದು ಚೌಕಗಳು ಬಂದವು. ಕಡೆಯಲ್ಲಿ ಶಾರದಕ್ಕ ಬಂದರು, ಕುತ್ತಿಗೆಯವರೆಗೆ ಮಾತ್ರ, ರೆಪ್ಪೆ ಮುಚ್ಚಿಕೊಂಡು. ಬೇರೆ ಯಾವುದೂ ಉಳಿದಿರಲಿಲ್ಲ.

ಭಟ್ಟರು ಅತ್ತರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಳಲಿಲ್ಲ. “ಇದು ಸರಿ ಬರಲಿಲ್ಲ ಅಂತ ಅವತ್ತೇ ತೆಗೆದು ಹಾಕಿದ್ದು ನಾನು” ಎಂದು ಸಿಡುಕಿದರು. ಪ್ರಿಂಟ್ ಕೇಳಿದರು, ಕೊಟ್ಟೆ. ಆಮೇಲೆ ನಾನು ಅವರನ್ನು ನೋಡಲಿಲ್ಲ. ಮುಂಗಾರು ಬರುವುದರೊಳಗೆ ಅವರೂ ಹೋಗಿಬಿಟ್ಟರು.

ಫೋಟೋ ಕೊಟ್ಟ ದಿನ ಆಟೋ ಹತ್ತಿದವರು ಡ್ರೈವರನಿಗೆ ದಾರಿ ಹೇಳುವುದು ಬಿಟ್ಟು ಮಡಿಲಲ್ಲಿದ್ದ ಪ್ರಿಂಟನ್ನೇ ಗದರಿಸುತ್ತಿದ್ದರು: “ಕಣ್ಣು ಮುಚ್ಚಬೇಡ ಅಂತ ಎಷ್ಟು ಹೇಳಿದೆ. ಕೇಳಿದೆಯಾ?”