ಬಾಟಲಿಯಲ್ಲಿ ಬರುವ ಬಾವಿನೀರು

ನಮ್ಮ ಚಿಕ್ಕಮ್ಮನಿಗೆ ಊರಿನವರು ಗೇಲಿಗೆ ಇಟ್ಟ ಹೆಸರು ‘ನಾಲಿಗೆ’. ಕಡಲ ದಂಡೆಯ ಆ ಊರಿನಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ನೋಡಿಕೊಳ್ಳುವವಳು ಅವಳೇ. ಅಳೆಯಲು ಮೀಟರ್ ಕೊಟ್ಟಿದ್ದಾರೆ. ಆದರೂ ಬೆಳಿಗ್ಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ‘ಹೂಂ’ ಎಂದ ಮೇಲೆಯೇ ಊರಿಗೆ ನೀರು ಬಿಡುವುದು. ಅದಕ್ಕೂ ಮುಂಚೆ ಏಣಿ ಹತ್ತಿ, ಸೋಲಾರ್ ಫಲಕಗಳ ಮೇಲೆ ಕಡಲಗಾಳಿ ಕೂರಿಸಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದು ದಿನ ಬಿಟ್ಟರೂ ಯಂತ್ರ ಮುಷ್ಕರ ಹೂಡುತ್ತದೆ.

ಇಷ್ಟೆಲ್ಲ ಮಾಡುವವಳ ಜೀವ ಮಾತ್ರ ಹಿತ್ತಲಿನ ಹಳೇ ಬಾವಿಯಲ್ಲಿದೆ. ಹನ್ನೊಂದು ವರ್ಷದ ಹಿಂದೆ ಅದಕ್ಕೆ ಕಡಲು ನುಗ್ಗಿ ನೀರು ಉಪ್ಪಾಯಿತು. ಮೈಲಿಗಟ್ಟಲೆ ಕೊಡ ಹೊತ್ತು ಸೋತ ನನ್ನಮ್ಮ, ಅಂದರೆ ಅವಳ ಅಕ್ಕ, ಒಂದು ದಿನ ಕೊಡ ಕುಕ್ಕಿ, “ಈ ಬಾವಿ ಸಿಹಿಯಾದ ದಿನ ಬರ್ತೀನಿ, ಅಲ್ಲೀವರೆಗೆ ಕಾಲಿಡಲ್ಲ” ಎಂದು ನನ್ನನ್ನೂ ಎಳೆದುಕೊಂಡು ಪೇಟೆಗೆ ಹೊರಟಳು. ಚಿಕ್ಕಮ್ಮ “ಹೋಗೇ ಹೋಗು” ಎಂದಳು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ!

ಅಂದಿನಿಂದ ಚಿಕ್ಕಮ್ಮ ಸೂರಿನ ಮಳೆನೀರನ್ನೆಲ್ಲ ಮರಳಲ್ಲಿ ಸೋಸಿ ಬಾವಿಗೆ ಇಳಿಸುತ್ತಿದ್ದಾಳೆ. ಪ್ರತಿ ವರ್ಷ ಮಳೆಗಾಲ ಮುಗಿದಾಗ ನಾನು ಹೋಗಿ ಒಂದು ಬಾಟಲಿ ಬಾವಿನೀರು ತರುತ್ತೇನೆ. ಅಮ್ಮ ಕಾದೇ ಇಲ್ಲವೆಂಬಂತೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ. ಕುಡಿದು, “ಇನ್ನೂ ಉಪ್ಪು” ಎನ್ನುತ್ತಾಳೆ. ಆ ದಿನ ಅವಳಿಗೆ ಊಟ ಸೇರುವುದಿಲ್ಲ.

ಈ ವರ್ಷವೂ ಚಿಕ್ಕಮ್ಮ ಬಾವಿಯ ನೀರು ಚಪ್ಪರಿಸಿ ಉಗುಳಿದಳು, ಉಪ್ಪು. ನನ್ನ ಮುಖ ನೋಡದೆ ಯಂತ್ರದ ಕೋಣೆಗೆ ಹೋಗಿ, ಅಲ್ಲಿನ ನಲ್ಲಿಯಿಂದ ಬಾಟಲಿ ತುಂಬಿಸಿ ತಂದು, “ಬಾವಿ ಸಿಹಿಯಾಗಿದೆ ಅಂತ ಹೇಳು” ಎಂದಳು. ಊರೇ ನಂಬುವ ಹೆಂಗಸು! ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೊರಟೆ.

ಅಮ್ಮ ಒಂದು ಗುಟುಕು ಕುಡಿದಳು. “ಕಳ್ಳಿ! ಇದು ಯಂತ್ರದ ನೀರು. ನಮ್ಮ ಬಾವಿ ಸಿಹಿ ಇದ್ದಾಗ್ಲೂ ಗುಟುಕಿನ ಕೊನೇಲಿ ಚೂರು ಉಪ್ಪು ಹತ್ತೋದು. ಅದನ್ನೂ ಮರೆತಳಾ ಇವಳು?” ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಂಗಿಗೆ ಫೋನು ಹಚ್ಚಿಸಿದಳು. ನಾನು ಸ್ಪೀಕರ್ ಹಾಕಿಕೊಟ್ಟೆ.

“ಏನೇ, ಸುಳ್ಳು ನೀರು ಕಳಿಸ್ತೀಯಾ? ಆ ಬಾವಿ ಕಟ್ಕೊಂಡು ನಂಗೇನಾಗ್ಬೇಕಿತ್ತು? ನೀನು ಒಂದು ಸಲ ಬಾ ಅಂತೀಯೇನೋ ಅಂತ ಕಾದೆ ಕಣೇ. ಹನ್ನೊಂದು ವರ್ಷ!”

ಆ ಕಡೆ ಯಂತ್ರ ಆರಿಸಿದ ಸದ್ದು ಕೇಳಿಸಿತು. ಆಮೇಲೆ ಚಿಕ್ಕಮ್ಮ, “ನೀನು ಕುಕ್ಕಿದ ಕೊಡ ಇನ್ನೂ ಅಲ್ಲೇ ಇದೆ. ಬಾರೇ ಅಕ್ಕ” ಎಂದಳು.